ಅರ್ಧ ಎನಾಕನ ಮೂರು ಏಟು

ಮಿಸ್ ಲೆಟಿಸ್ ಕ್ರಂಪ್ ತಪ್ಪು ಮಾಡುವವಳಲ್ಲ ಎಂದು ವಿಸ್ಟನ್‌ಹೋಪ್‌ನ ಜನ ನಂಬಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳು ಲೆಟಿಸಳೇ. ಮೂವತ್ತೊಂದು ವರ್ಷ ಊರಿನ ಶಾಲೆಯಲ್ಲಿ ಪಾಠ ಹೇಳಿ, ಅಪ್ಪಂದಿರಿಗೂ ಅವರ ಮಕ್ಕಳಿಗೂ ಒಂದೇ ಬೆತ್ತದಲ್ಲಿ ಮಗ್ಗಿ ಕಲಿಸಿದವಳು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಚರ್ಚಿನ ಕಬ್ಬಿಣದ ಪೆಟ್ಟಿಗೆಯಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಹಳೆಯ ದಾಖಲೆ ಪುಸ್ತಕಗಳಿದ್ದವು. ಇಲಿ, ತೇವ ಮತ್ತು ಪಾದ್ರಿಗಳ ಕೆಟ್ಟ ಅಕ್ಷರ ಮೂರೂ ಸೇರಿ ಅವನ್ನು ಹಾಳು ಮಾಡುತ್ತಿದ್ದವು. ಅವನ್ನು ಶಾಲೆಯ ನೋಟ್‌ಬುಕ್ಕುಗಳಿಗೆ ದುಂಡಗೆ ಇಳಿಸುವ ಕೆಲಸವನ್ನು ಆಕೆ ತಾನಾಗಿಯೇ ಹೊತ್ತುಕೊಂಡಳು. ಯಾರ ಮುತ್ತಜ್ಜ ಯಾರ ಮನೆಯಲ್ಲಿ ಆಳಾಗಿದ್ದ, ಯಾರ ಮುತ್ತಜ್ಜಿ ಮದುವೆಯಾದ ನಾಲ್ಕೇ ತಿಂಗಳಿಗೆ ಹೆತ್ತಳು, ಎಲ್ಲವೂ ಆಕೆಯ ನಾಲಿಗೆಯ ತುದಿಯಲ್ಲಿತ್ತು. ಜನ ಆಕೆಯನ್ನು ಕಂಡರೆ ಟೋಪಿ ತೆಗೆಯುತ್ತಿದ್ದುದು ಗೌರವಕ್ಕೋ ಭಯಕ್ಕೋ ಹೇಳುವುದು ಕಷ್ಟ.

ಹೆದರದವನು ಒಬ್ಬನೇ, ಎನಾಕ್ ಬೆಡೋಸ್. ಊರಿಗೆಲ್ಲ ಹಿರಿಯ. ಹರೆಯದಿಂದ ಹೊಲಗಳಿಗೆ ಬೇಲಿ ಹೆಣೆದವನು, ಅರವತ್ತು ವರ್ಷ ಚರ್ಚಿನ ಗೋಪುರದಲ್ಲಿ ಗಂಟೆಯ ಹಗ್ಗ ಎಳೆದವನು. ಎಲ್ಲರೂ ಅವನನ್ನು ಅರ್ಧ ಎನಾಕ್ ಎಂದೇ ಕರೆಯುತ್ತಿದ್ದರು. ಯಾಕೆಂದು ಯಾರಿಗೂ ನೆನಪಿರಲಿಲ್ಲ. ಪಬ್ಬಿನಲ್ಲಿ ಯಾವತ್ತೂ ಅರ್ಧ ಲೋಟ ಸೈಡರನ್ನೇ ಕೇಳುತ್ತಿದ್ದ, ಅದಕ್ಕಿರಬೇಕು ಎಂದುಕೊಂಡಿದ್ದರು. ಲೆಟಿಸ್ ತನ್ನ ನೋಟ್‌ಬುಕ್ಕಿನ ಅಡ್ಡಹೆಸರುಗಳ ಪುಟದಲ್ಲಿ ಅದನ್ನು ಬರೆದು, ಪಕ್ಕದಲ್ಲಿ 'ಕುಡಿತದಿಂದ ಬಂದದ್ದು' ಎಂದು ಕಾರಣವನ್ನೂ ನಮೂದಿಸಿದ್ದಳು. ಯಾರನ್ನೂ ಕೇಳಿ ಬರೆದದ್ದಲ್ಲ.

ಇಬ್ಬರಿಗೂ ಒಂದು ಹಳೆಯ ತಕರಾರಿತ್ತು. ಒಂದು ಚಳಿಗಾಲದಲ್ಲಿ ಮಹಿಳಾ ಸಂಘದವರು ಲೆಟಿಸಳಿಂದ ಊರಿನ ಇತಿಹಾಸದ ಮೇಲೆ ಭಾಷಣ ಮಾಡಿಸಿದ್ದರು. ಸಭಾಭವನ ತುಂಬಿತ್ತು. ಗ್ಯಾಲಸ್ ಓಣಿ ಎಂಬ ಹೆಸರು ನೇಣುಗಂಬದಿಂದ ಬಂದದ್ದು, ಹಿಂದಿನ ಕಾಲದಲ್ಲಿ ಕಳ್ಳರನ್ನು ಅಲ್ಲೇ ನೇಣಿಗೆ ಹಾಕುತ್ತಿದ್ದರು ಎಂದು ಆಕೆ ಗಂಭೀರವಾಗಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಎನಾಕ್ ಕೈ ಎತ್ತಿದ.

"ಅಲ್ಲ ಕಣಮ್ಮ ಮಿಸ್. ಗ್ಯಾಲಸ್ ಅಂದ್ರೆ ನಮ್ಮ ಕಡೆ ಪ್ಯಾಂಟು ಜಾರದ ಹಾಗೆ ಹೆಗಲಿಗೆ ಹಾಕ್ಕೊಳ್ಳೋ ಪಟ್ಟಿ. ಅದನ್ನ ಹೊಲಿಯೋನು ಆ ಓಣೀಲಿದ್ದ. ನಮ್ಮಪ್ಪ ಅವನತ್ರಾನೇ ತಗೋತಿದ್ದ. ನೇಣು ಹಾಕಿದ್ದು ನಿಜ, ಆದ್ರೆ ಬರೀ ಪ್ಯಾಂಟನ್ನ!"

ಸಭೆ ಬಿದ್ದು ಬಿದ್ದು ನಕ್ಕಿತು. ಪಾದ್ರಿ ಆಸ್‌ಗುಡ್ ಕೂಡ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಲೆಟಿಸಳೂ ನಕ್ಕಂತೆ ಮಾಡಿದಳು. ಆದರೆ ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ 'ಇ. ಬೆಡೋಸ್: ನೆನಪು ನಂಬತಕ್ಕದ್ದಲ್ಲ' ಎಂದು ಬರೆದಿಟ್ಟಳು. ಆ ಸಾಲು ಈಗಲೂ ಇದೆ, ನಾನೇ ನೋಡಿದ್ದೇನೆ.

ಹೀಗಿರುವಾಗ ಎನಾಕನಿಗೆ ನೂರು ತುಂಬುವ ವರ್ಷ ಬಂತು. ಸಾವಿರದ ಒಂಬೈನೂರ ಐವತ್ತೆಂಟು, ಮೇ ಹನ್ನೆರಡು. ನಮ್ಮೂರಲ್ಲಿ ಅಲ್ಲಿಯವರೆಗೆ ಯಾರೂ ನೂರು ಮುಟ್ಟಿರಲಿಲ್ಲ. ಪಾದ್ರಿಗಳು ಅರಮನೆಗೆ ಬರೆದು, ನೂರು ತುಂಬಿದವರಿಗೆ ರಾಣಿ ಕಳಿಸುವ ಶುಭಾಶಯದ ತಂತಿ ತರಿಸುವುದೆಂದಾಯಿತು. ಎನಾಕನ ಮಗಳು ಥರ್ಜ, ಅರವತ್ತು ದಾಟಿದ ವಿಧವೆ, ಅಪ್ಪನನ್ನು ನೋಡಿಕೊಂಡಿದ್ದವಳು, ಶಾಜೀರಿಗೆ ಹಾಕಿದ ದೊಡ್ಡ ಕೇಕಿಗೆ ಮೊಟ್ಟೆ ಕೂಡಿಡತೊಡಗಿದಳು. ಎನಾಕನಿಗೆ ಬೇಕಾಗಿದ್ದು ಮಾತ್ರ ಬೇರೆ. ಅವನು ಗಂಟೆಯವರ ಮುಖ್ಯಸ್ಥ ಪರ್ಸಿ ಗ್ವಿಲಿಯಂನನ್ನು ಬೇಲಿಯ ಹತ್ತಿರ ತಡೆದು ನಿಲ್ಲಿಸಿದ.

"ನನಗೆ ಕೇಕೂ ಬೇಡ, ತಂತೀನೂ ಬೇಡ ಕಣಯ್ಯ ಪರ್ಸಿ. ದೊಡ್ಡ ಗಂಟೇನ ನೂರು ಏಟು ಹೊಡೀರಿ. ಸತ್ತ ಮೇಲೆ ಹೊಡೆದ್ರೆ ನನಗೇನು ಕೇಳ್ಸತ್ತಾ? ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ನಾನೇ ಎಣಿಸ್ತೀನಿ. ನೀನು ಎಪ್ಪತ್ತು ದಾಟಿದ್ರೆ ಲೆಕ್ಕ ತಪ್ಪೋನು."

"ಆಗ್ಲಿ ಅಜ್ಜ. ನೂರಾ ಒಂದು ಹೊಡೆದ್ರೆ ಬೈಬೇಡ ಮತ್ತೆ," ಎಂದ ಪರ್ಸಿ.

ನಮ್ಮೂರಲ್ಲಿ ಸಾವಿನ ಸುದ್ದಿಯನ್ನು ದೊಡ್ಡ ಗಂಟೆಯೇ ಹೇಳುತ್ತಿತ್ತು. ಗಂಡಸಾದರೆ ಮೊದಲು ಒಂಬತ್ತು ಏಟು, ಹೆಂಗಸಾದರೆ ಆರು, ಮಗುವಾದರೆ ಮೂರು. ಸ್ವಲ್ಪ ಬಿಟ್ಟು, ವಯಸ್ಸಿನ ವರ್ಷಕ್ಕೊಂದರಂತೆ ಏಟು. ಹೊಲದಲ್ಲಿದ್ದವರು ಕೈಯಲ್ಲಿದ್ದುದನ್ನು ಬಿಟ್ಟು ಎಣಿಸುತ್ತಾರೆ. ಎಣಿಕೆ ನಿಲ್ಲುವಷ್ಟರಲ್ಲಿ ಹೋದವರು ಯಾರೆಂದು ಗೊತ್ತಾಗಿರುತ್ತದೆ. ಮೂರು ಬಡಿದು ಗಂಟೆ ಸುಮ್ಮನಾದರೆ ವರ್ಷ ತುಂಬದ ಕೂಸು. ಸಾವಿರಾರು ಏಟುಗಳನ್ನು ಬೇರೆಯವರಿಗಾಗಿ ಬಡಿದ ಎನಾಕನಿಗೆ ತನ್ನದನ್ನು ಕಿವಿಯಾರೆ ಕೇಳುವ ಆಸೆ ಬಂದದ್ದು ತಪ್ಪೇನಲ್ಲ.

ಅರಮನೆಗೆ ಕಳಿಸಲು ವಯಸ್ಸಿನ ಪುರಾವೆ ಬೇಕಿತ್ತು. ಸರ್ಕಾರದ ಜನನ ನೋಂದಣಿಯಲ್ಲಿ ಎನಾಕನ ಹೆಸರಿರಲಿಲ್ಲ. ಆಗಿನ ಕೂಲಿಯವರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಪಾದ್ರಿಗಳು ದೀಕ್ಷಾಸ್ನಾನದ ದಾಖಲೆಯ ಪ್ರತಿ ಮಾಡಿಕೊಡಲು ಲೆಟಿಸಳಿಗೆ ಹೇಳಿದರು. ಆಕೆಗೆ ಹತ್ತು ನಿಮಿಷದ ಕೆಲಸ. ೧೮೫೮ರ ಮೇ ತಿಂಗಳಲ್ಲೇ ಸಿಕ್ಕಿತು: ಎನಾಕ್, ರಿಚರ್ಡ್ ಮತ್ತು ಸೆಲೀನ ಬೆಡೋಸರ ಮಗ. ಬರೆದುಕೊಂಡು ಎದ್ದು ಬರಬಹುದಿತ್ತು. ಆದರೆ ಅಲ್ಲಿಗೆ ಬಿಡುವವಳೇ ಲೆಟಿಸ್? ಸಮಾಧಿ ಪುಸ್ತಕ ತೆರೆದಳು. ಅದೇ ವರ್ಷ ನವೆಂಬರಿನಲ್ಲಿ: ಎನಾಕ್ ಬೆಡೋಸ್, ಆರು ತಿಂಗಳು. ಮತ್ತೆ ದೀಕ್ಷಾಸ್ನಾನದ ಪುಸ್ತಕಕ್ಕೆ ಮರಳಿ ಪುಟ ತಿರುಗಿಸುತ್ತ ಹೋದಳು. ೧೮೬೧ರ ಆಗಸ್ಟ್: ಎನಾಕ್, ರಿಚರ್ಡ್ ಮತ್ತು ಸೆಲೀನ ಬೆಡೋಸರ ಮಗ.

ಆಗಿನ ಕಾಲದಲ್ಲಿ ಒಂದು ಮಗು ಸತ್ತರೆ ಅದರ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ವಾಡಿಕೆ. ಲೆಟಿಸ್ ಅಂಥ ನೂರು ಉದಾಹರಣೆ ಕಂಡಿದ್ದಳು. ಅಂದರೆ ಮೊದಲ ಎನಾಕ್ ಕೂಸಿನಲ್ಲೇ ಹೋದ. ನಮ್ಮ ಎನಾಕ್ ಎರಡನೆಯವನು, ಮೂರು ವರ್ಷ ಚಿಕ್ಕವನು. ನೂರೂ ಇಲ್ಲ, ಗೀರೂ ಇಲ್ಲ.

ಆಕೆಗೆ ಆಗ ಆದದ್ದು ಖುಷಿ. ಬೇರೆ ಹೆಸರಿಟ್ಟು ಮುಚ್ಚುವುದು ಬೇಡ. ಚರ್ಚಿನ ಆ ತಣ್ಣನೆಯ ಕೋಣೆಯಲ್ಲಿ ಒಬ್ಬಳೇ ಕೂತು, ಹಿಂದಿನ ಬೆಂಚಿನಿಂದ ಎದ್ದ ಆ ಕೈಯನ್ನು ನೆನೆದು, ಲೆಟಿಸ್ ಕ್ರಂಪ್ ಗಟ್ಟಿಯಾಗಿ ನಕ್ಕಳು.

ಪಾದ್ರಿ ಆಸ್‌ಗುಡ್ ಒಳ್ಳೆಯವರು, ಪುಕ್ಕಲರು. "ಇದು ಹೌದಾ ಮಿಸ್ ಕ್ರಂಪ್? ಖಂಡಿತಾನಾ?" ಎಂದು ಮೂರು ಸಲ ಕೇಳಿದರು. "ಪುಸ್ತಕದಲ್ಲಿದೆ," ಎಂದು ಆಕೆ ಮೂರು ಸಲವೂ ಹೇಳಿದಳು. ಅರಮನೆಗೆ ಸುಳ್ಳು ಕಳಿಸಲಾದೀತೇ? ಏಪ್ರಿಲಿನಲ್ಲಿ, ಹುಟ್ಟುಹಬ್ಬದ ಏರ್ಪಾಡಿಗೆಂದು ಕರೆದಿದ್ದ ಸಭೆಯಲ್ಲೇ, ವಿಷಯ ಹೇಳುವ ಕೆಲಸ ಲೆಟಿಸಳ ಪಾಲಿಗೆ ಬಂತು. ಆಕೆ ಮೂರೂ ದಾಖಲೆಗಳನ್ನು ಒಂದಾದಮೇಲೊಂದು ಓದಿದಳು. ಎನಾಕ್ ಮುಂದಿನ ಸಾಲಿನಲ್ಲಿದ್ದ. ಕೋಲೂರಿ ಎದ್ದು ನಿಂತ.

"ಏನೋ ಎಡವಟ್ಟಾಗಿದೆ ಮಿಸ್. ಆ ಆಗಸ್ಟಿಂದು ನನಗೆ ಚೆನ್ನಾಗಿ ಗ್ಯಾಪ್ಕ ಇದೆ. ನಾನೇ ನಡ್ಕೊಂಡು ಹೋದೆ, ಆ ಕಲ್ಲು ತೊಟ್ಟಿ ತನಕ. ಪಾದ್ರಿ ಎತ್ಕೊಳ್ಳೋಕೆ ಬಂದ್ರು, ನಾನು ಬಿಡ್ಲಿಲ್ಲ. ನೀರು ಕೊರೀತಿತ್ತು."

ಲೆಟಿಸ್ ಕನ್ನಡಕದ ಮೇಲಿಂದ ನೋಡಿದಳು. ಮೂವತ್ತೊಂದು ವರ್ಷ ಮಕ್ಕಳನ್ನು ನೋಡಿದ ನೋಟ ಅದು. "ಬೆಡೋಸ್ ಅವರೇ, ತನ್ನ ದೀಕ್ಷಾಸ್ನಾನ ಯಾರಿಗೂ ನೆನಪಿರಲ್ಲ. ಹಸುಗೂಸು ತೊಟ್ಟಿ ತನಕ ನಡ್ಕೊಂಡು ಹೋಗೋದೂ ಇಲ್ಲ."

ಸಭೆ ನಕ್ಕಿತು. ಎನಾಕ್ ಸುತ್ತ ನೋಡಿ, ಕೋಲೂರಿ ಕೂತ. ಈ ಸಲ ನಗದೆ ಇದ್ದವಳು ಥರ್ಜ ಒಬ್ಬಳೇ.

ಮೇ ಹನ್ನೆರಡರಂದು ಗಂಟೆ ಬಡಿಯಲಿಲ್ಲ. ಕೂಡಿಟ್ಟ ಮೊಟ್ಟೆ ಹಾಳಾಗುತ್ತದೆಂದು ಥರ್ಜ ಕೇಕು ಮಾಡಿ ನೆರೆಯವರಿಗೆ ಹಂಚಿದಳು. ಪಬ್ಬಿನ ತುಂಟರು ಅವನಿಗೆ 'ಮುಕ್ಕಾಲು ಎನಾಕ್' ಎಂದು ಹೊಸ ಹೆಸರಿಟ್ಟರು. ಅವನು ಪಬ್ಬಿಗೆ ಹೋಗುವುದನ್ನೇ ಬಿಟ್ಟ. ಆಮೇಲೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವನು ಸಮಾಧಿ ಅಂಗಳದ ಬೇಲಿಯ ಮೂಲೆಯಲ್ಲಿ ತುಂಬ ಹೊತ್ತು ನಿಂತಿರುವುದನ್ನು ಲೆಟಿಸ್ ಎಷ್ಟೋ ಸಲ ಕಂಡಳು. ತಾನೇ ಹೆಣೆದ ಬೇಲಿ ನೋಡಿಕೊಳ್ಳುತ್ತಿದ್ದಾನೆ ಎಂದುಕೊಂಡು ಮನೆಗೆ ಹೋಗುತ್ತಿದ್ದಳು.

ಅರವತ್ತನೇ ಇಸವಿಯ ಫೆಬ್ರವರಿಯಲ್ಲಿ ಎನಾಕ್ ಹೋದ. ದೊಡ್ಡ ಗಂಟೆ ಒಂಬತ್ತು ಏಟು ಬಡಿದು, ತಡೆದು, ತೊಂಬತ್ತೆಂಟು ಬಡಿದು ನಿಂತಿತು. ಲೆಟಿಸ್ ಕಿಟಕಿಯ ಬಳಿ ನಿಂತು ಎಣಿಸಿದಳು. ಸರಿಯಾಗಿದೆ ಎಂದು ತಲೆಯಾಡಿಸಿದಳು. ಸಮಾಧಿಯ ಕಲ್ಲಿನ ಮೇಲೂ ತೊಂಬತ್ತೆಂಟೇ ಕೆತ್ತಿಸಿದರು. ಅದೇ ಬೇಸಿಗೆಯಲ್ಲಿ ಅಚ್ಚಾದ ಆಕೆಯ ಊರಿನ ಇತಿಹಾಸದ ಪುಟ್ಟ ಪುಸ್ತಕದಲ್ಲಿ, ದಾಖಲೆಗಳ ಮುಂದೆ ಕಟ್ಟುಕಥೆ ನಿಲ್ಲುವುದಿಲ್ಲ ಎಂಬುದಕ್ಕೆ ಈ ಪ್ರಸಂಗವೇ ಉದಾಹರಣೆ.

ಅಕ್ಟೋಬರಿನಲ್ಲಿ ಪಾದ್ರಿಗಳು ಕಬ್ಬಿಣದ ಪೆಟ್ಟಿಗೆಗೆ ಬಣ್ಣ ಹೊಡೆಸಲು ಪೂರ್ತಿ ಖಾಲಿ ಮಾಡಿಸಿದರು. ತಳದ ಹಲಗೆಯ ಅಡಿಯಲ್ಲಿ ಅಂಗೈ ಅಗಲದ ಒಂದು ಕಿಸೆ ಪುಸ್ತಕ ಸಿಕ್ಕಿತು. ನೂರು ವರ್ಷದ ಹಿಂದೆ ಇಲ್ಲಿದ್ದ ಕಿರಿಯ ಪಾದ್ರಿಯೊಬ್ಬರು ದಿನದ ಕೆಲಸ ಗುರುತು ಹಾಕಿಕೊಂಡದ್ದು. ಲೆಟಿಸ್ ಮನೆಗೆ ತಂದು, ಚಹಾ ಬಗ್ಗಿಸಿಕೊಂಡು, ಸಂತೋಷದಿಂದ ಕೂತಳು. ಚಹಾ ಆರಿ ಕೆನೆಗಟ್ಟಿತು.

೧೮೫೮, ಮೇ: 'ರಿಚರ್ಡ್ ಬೆಡೋಸನ ಕೂಸಿಗೆ ಗುಡಿಸಲಲ್ಲೇ ಅರ್ಧ ದೀಕ್ಷೆ ಕೊಟ್ಟೆ. ಬೆಳಗಾಗುವತನಕ ಉಳಿಯುವ ಲಕ್ಷಣವಿಲ್ಲ.'

ಅದೇ ನವೆಂಬರ್: 'ಗುಡ್ಡದ ಮೇಲಿನ ಥಾಮಸ್ ಬೆಡೋಸನ ಎನಾಕನನ್ನು ಮಣ್ಣು ಮಾಡಿದೆ. ಚಾಪೆಲಿನವರಾದರೂ ಜಾಗ ನಮ್ಮದೇ ಬೇಕಾಯಿತು.'

೧೮೬೧, ಆಗಸ್ಟ್: 'ಅಂದು ಅರ್ಧ ದೀಕ್ಷೆ ಕೊಟ್ಟ ಬೆಡೋಸರ ಹುಡುಗನನ್ನು ಇಂದು ಸಭೆಗೆ ಸೇರಿಸಿಕೊಂಡೆ. ತೊಟ್ಟಿಯವರೆಗೆ ತಾನೇ ನಡೆದು ಬಂದ, ಎತ್ತಿಕೊಳ್ಳಲು ಬಿಡಲಿಲ್ಲ. ಮುಂದೆ ಯಾರಿಗೂ ಸಂದೇಹ ಬಾರದಿರಲೆಂದು ಪುಸ್ತಕದಲ್ಲಿ ಮತ್ತೊಮ್ಮೆ ಬರೆದಿದ್ದೇನೆ.'

ಸಾಯುವ ಕೂಸಿಗೆ ಮನೆಯಲ್ಲೇ ಅವಸರದಲ್ಲಿ ನೀರು ಹಾಕುವುದಕ್ಕೆ ಅರ್ಧ ದೀಕ್ಷೆ ಎನ್ನುತ್ತಾರೆಂದು ಲೆಟಿಸಳಿಗೆ ಗೊತ್ತಿತ್ತು. ಬದುಕಿ ಉಳಿದರೆ ಚರ್ಚಿಗೆ ಕರೆತಂದು ಉಳಿದರ್ಧ ಮುಗಿಸುತ್ತಾರೆಂದೂ ಗೊತ್ತಿತ್ತು. ಸಮಾಧಿ ಪುಸ್ತಕದಲ್ಲಿ ಅಪ್ಪ ಅಮ್ಮನ ಹೆಸರು ಬರೆಯುವುದಿಲ್ಲ ಎಂಬುದು ಆಕೆಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗುಡ್ಡದ ಬೆಡೋಸರು ಚಾಪೆಲಿಗೆ, ಅಂದರೆ ಬೇರೆ ಪಂಥದವರ ಪ್ರಾರ್ಥನಾಮಂದಿರಕ್ಕೆ, ಹೋಗುವವರಾದ್ದರಿಂದ ಅವರ ಮಕ್ಕಳ ದೀಕ್ಷೆ ಈ ಪುಸ್ತಕಗಳಲ್ಲಿ ಸಿಗುವುದಿಲ್ಲ ಎಂಬುದೂ ಹೊಸದಲ್ಲ. ಊರಿಗೆ ಊರೇ ಅರ್ಧ, ಅರ್ಧ ಎಂದು ಎಪ್ಪತ್ತೆಂಬತ್ತು ವರ್ಷದಿಂದ ಕೂಗುತ್ತಿತ್ತು. ಅವನೋ ಎಲ್ಲರೆದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಮೂರು ವರ್ಷದ ಮಗುವಿಗೆ ತಣ್ಣೀರು ನೆನಪಿರದೆ ಇನ್ನೇನು? ಲೆಟಿಸಳಿಗೆ ಗೊತ್ತಿಲ್ಲದ್ದೇನೂ ಅಲ್ಲಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ.

ಎನಾಕ್ ಸತ್ತದ್ದು ನೂರೊಂದನೇ ವಯಸ್ಸಿನಲ್ಲಿ.

ಆಕೆ ಕಿಸೆ ಪುಸ್ತಕವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. ಅದನ್ನು ಓದಿದವರು ಬೇರೆ ಯಾರೂ ಇರಲಿಲ್ಲ. ಒಲೆಗೆ ಹಾಕಿದ್ದರೆ ಅರ್ಧ ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಎರಡು ಸಲ ಒಲೆಯ ಬಾಗಿಲು ತೆರೆದು ಮತ್ತೆ ಮುಚ್ಚಿದಳು. ಅಂಗಡಿಯಲ್ಲಿ ಥರ್ಜ ಎದುರಾದರೆ ಹಿಟ್ಟಿನ ಚೀಲದ ಮೇಲಿನ ಅಕ್ಷರಗಳನ್ನು ಓದುತ್ತ ನಿಲ್ಲುತ್ತಿದ್ದಳು. ಒಂದು ತಿಂಗಳು ಪೂರ್ತಿ ಊಟ ರುಚಿಸಲಿಲ್ಲ, ದಾಖಲೆ ಪುಸ್ತಕ ಮುಟ್ಟಲಿಲ್ಲ. ತಪ್ಪಿಗಿಂತ ಹೆಚ್ಚಾಗಿ ಆ ನಗು ಆಕೆಯನ್ನು ಸುಡುತ್ತಿತ್ತು. ಕಣ್ತಪ್ಪಿನಿಂದ ತಪ್ಪು ಓದುವುದು ಯಾರಿಗಾದರೂ ಆಗಬಹುದು. ಆದರೆ ಒಬ್ಬ ಮುದುಕನ ನೂರನೇ ವರ್ಷ ಕೈಬಿಟ್ಟು ಹೋದದ್ದಕ್ಕೆ ಒಬ್ಬಳೇ ಕೂತು ನಗುವವರು ಎಂಥವರು?

ನವೆಂಬರಿನ ಒಂದು ಸೋಮವಾರ, ಊಟದ ಹೊತ್ತು ದಾಟಿದ ಮೇಲೆ, ಆಕೆ ಕಿಸೆ ಪುಸ್ತಕ ಹಿಡಿದು ಥರ್ಜಳ ಮನೆಗೆ ಹೋದಳು. ಥರ್ಜ ಹಿತ್ತಲಲ್ಲಿ ತೊಳೆದ ಹೊದಿಕೆಗಳನ್ನು ಕೈಯಂತ್ರದಲ್ಲಿ ಹಿಂಡುತ್ತಿದ್ದಳು. ಕೂರಲು ಹೇಳಲಿಲ್ಲ. ಲೆಟಿಸ್ ನಿಂತೇ ಮೂರು ಕಡೆ ಓದಿದಳು. ಥರ್ಜ ಯಂತ್ರದ ಹಿಡಿ ತಿರುಗಿಸುವುದನ್ನು ನಿಲ್ಲಿಸಿದಳು.

"ಹಾಗಾದ್ರೆ ಆ ಬೇಲಿ ಮೂಲೇಲಿ ಮಣ್ಣಾಗಿರೋದು ಗುಡ್ಡದೋರ ಮಗು."

"ಹೌದು ಥರ್ಜ. ನಿಮ್ಮ ತಂದೆಗೆ ಅಣ್ಣ ಇರ್ಲೇ ಇಲ್ಲ."

"ಅಪ್ಪ ನಿಮ್ಮನ್ನ ನಂಬಿಬಿಟ್ರು ಮಿಸ್." ಥರ್ಜ ಕೈಯೊರೆಸಿಕೊಂಡಳು. "ನಿಮಗೆ ಬೈಕೊಂಡೇ ಇದ್ದಿದ್ರೆ ನನಗೆ ಸಮಾಧಾನ ಇರ್ತಿತ್ತು. ಒಂದು ವಾರ ಬೈದ್ರು. ಆಮೇಲೆ, 'ಮಿಸ್ ಪುಸ್ತಕ ನೋಡಿ ಹೇಳ್ತಾಳೆ, ನನ್ನ ತಲೇನೇ ಕೆಟ್ಟಿರ್ಬೇಕು' ಅಂದ್ರು. 'ಸತ್ತ ಅಣ್ಣನ ಹೆಸರು ಹಾಕ್ಕೊಂಡು ಇಷ್ಟು ವರ್ಷ ತಿರುಗಿದೆ, ಅವನ ವಯಸ್ಸನ್ನೂ ನಾನೇ ತಿಂದೆ' ಅಂದ್ರು. ಭಾನುವಾರ ಭಾನುವಾರ ಅಲ್ಲಿಗೆ ಹೂವು ತಗೊಂಡು ಹೋಗಿ ಕ್ಷಮೆ ಕೇಳಿ ಬರೋರು. ಕೊನೆ ವಾರ ಮಲಗಿದಲ್ಲೇ ಏನು ಕೇಳಿದ್ರು ಗೊತ್ತಾ? 'ನಮ್ಮಮ್ಮ ಎನಾಕಾ ಅಂತ ಕೂಗ್ತಿದ್ಲಲ್ಲ, ಅದು ನನ್ನನ್ನೋ, ಅವನನ್ನೋ?' ಅಂತ. ನಾನೇನು ಹೇಳ್ಲಿ?"

ಲೆಟಿಸ್ ಮೂರು ವರ್ಷ ಕಿತ್ತುಕೊಂಡೆನೆಂದು ಲೆಕ್ಕ ಹಾಕಿ ಬಂದಿದ್ದಳು. ತಾಯಿಯನ್ನೂ ಕಿತ್ತುಕೊಂಡದ್ದು ಆಕೆಯ ಲೆಕ್ಕದಲ್ಲಿರಲಿಲ್ಲ.

"ಕಲ್ಲು ಬದಲಾಯಿಸ್ತೀನಿ," ಎಂದಳು. "ಪುಸ್ತಕಾನೂ ತಿದ್ದಿ..."

"ಕಲ್ಲು ಹಾಗೇ ಇರ್ಲಿ. ಅಪ್ಪನಿಗೆ ಕಲ್ಲು ಬೇಕಿರ್ಲಿಲ್ಲ." ಥರ್ಜ ಮತ್ತೆ ಹಿಡಿ ತಿರುಗಿಸತೊಡಗಿದಳು. "ಪರ್ಸಿ ತೊಂಬತ್ತೆಂಟು ಹೊಡೆದ. ಇನ್ನು ಮೂರು ಏಟು ಉಳಿದಿದೆ. ಅದನ್ನ ಹೊಡೀರಿ. ಪರ್ಸಿ ಕೈಲಿ ಅಲ್ಲ, ನೀವೇ. ಇವತ್ತೇ."

ಗಂಟೆಯವನ ಮಗಳಿಗೆ ಮೂರು ಏಟೆಂದರೆ ಏನೆಂದು ಗೊತ್ತಿರಲಿಲ್ಲವೆಂದು ನಾನಂತೂ ನಂಬುವುದಿಲ್ಲ. ಲೆಟಿಸಳಿಗೆ ಅದು ಹೊಳೆದದ್ದು ಗೋಪುರದ ಮೆಟ್ಟಿಲು ಹತ್ತುವಾಗ. ಕಾಲು ತಡೆಯಿತು. ಆದರೂ ಹತ್ತಿದಳು.

ಪರ್ಸಿ ಬೀಗ ತೆಗೆದುಕೊಟ್ಟು, ಹಗ್ಗ ಹಿಡಿಯುವುದನ್ನು ತೋರಿಸಿ, ಆಕೆಯ ಮುಖ ನೋಡಿ ಪಕ್ಕಕ್ಕೆ ನಿಂತ. ಲೆಟಿಸ್ ಮೈಭಾರ ಬಿಟ್ಟು ಎಳೆದಳು. ಒಂದು. ಅಂಗೈ ಉರಿಯಿತು. ಎರಡು. ಮೂರು. ಆಮೇಲೆ ಹಗ್ಗ ಬಿಟ್ಟಳು, ಗಂಟೆ ಸುಮ್ಮನಾಯಿತು.

ವಿಸ್ಟನ್‌ಹೋಪ್‌ನಲ್ಲಿ ಮಗುವಿನ ಗಂಟೆ ಕೇಳಿ ಹದಿನೈದು ವರ್ಷವಾಗಿತ್ತು. ಆಕೆ ಕೆಳಗಿಳಿದು ಬಾಗಿಲಿಗೆ ಬರುವಷ್ಟರಲ್ಲಿ ಜನ ಓಡಿ ಬರುತ್ತಿದ್ದರು. ಅಂಗಡಿಯ ಹೆಂಗಸು ಹಿಟ್ಟಿನ ಕೈಯಲ್ಲೇ ಬಂದಿದ್ದಳು. ಹೊಲದಿಂದ ಇಬ್ಬರು ಕೆಸರುಗಾಲಲ್ಲಿ ಬಂದರು. ಮೇರಿಯನ್ ಲೆಲೊ ತನ್ನ ಐದು ತಿಂಗಳ ಕೂಸನ್ನು ತೊಟ್ಟಿಲಿಂದ ಎತ್ತಿ ಎದೆಗವಚಿಕೊಂಡು ಬಂದಿದ್ದಳು; ಅದು ಉಸಿರಾಡುತ್ತಿದೆಯೋ ಎಂದು ನೋಡಿ ನೋಡಿ ಮುಖ ಬಿಳಿಚಿತ್ತು. ಎಲ್ಲರೂ ಲೆಟಿಸಳ ಹತ್ತಿರ ಓದಿದವರು.

"ಯಾರ ಮಗು, ಮಿಸ್?"

"ಎನಾಕ್," ಎಂದಳು ಲೆಟಿಸ್.

"ಯಾವ ಎನಾಕ್?" ಎಂದಳು ಮೇರಿಯನ್. "ನಮ್ಮೂರಲ್ಲಿ ಎನಾಕ್ ಅನ್ನೋ ಮಗು ಎಲ್ಲಿದೆ?"

"ಬೆಡೋಸ್. ಅರ್ಧ ಎನಾಕ್." ಆಕೆ ಕಿಸೆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ತೆರೆಯಲಿಲ್ಲ. "ಅವರಿಗೆ ನೂರು ತುಂಬಿತ್ತು. ಅವರು ಹೇಳಿದ್ದೆಲ್ಲಾ ನಿಜ. ನಾನು ತಪ್ಪು ಓದ್ದೆ. ಎರಡನೇ ಹೆಸರು ಕಂಡಾಗ ನನಗೆ ಖುಷಿಯಾಯ್ತು, ಅದಕ್ಕೇ ಇನ್ನೊಂದು ಸಲ ನೋಡ್ಲಿಲ್ಲ. ನಿಮ್ಮೆಲ್ಲರ ಮುಂದೆ ಅವರನ್ನ ಸುಳ್ಳ ಅನ್ನಿಸ್ದೆ. ನೀವು ನಕ್ಕಿದ್ದು ನನ್ನಿಂದ."

ಮೇರಿಯನ್ ಮಗುವನ್ನು ಇನ್ನಷ್ಟು ಒತ್ತಿ ಹಿಡಿದು, ಆಕೆಯನ್ನೊಮ್ಮೆ ನೋಡಿ, ತಿರುಗಿ ಹೊರಟಳು. ಅಷ್ಟರಲ್ಲಿ ಗ್ಯಾಲಸ್ ಓಣಿಯ ಕಡೆಯಿಂದ ಇನ್ನೊಂದು ಗುಂಪು ಗೇಟು ದೂಡಿಕೊಂಡು ಬಂತು. ಮುಂದಿದ್ದವನು ಏದುಸಿರು ಬಿಡುತ್ತ ಟೋಪಿ ತೆಗೆದ.

"ಯಾರ ಮಗು, ಮಿಸ್?"

ಲೆಟಿಸ್ ಮತ್ತೆ ಮೊದಲಿಂದ ಹೇಳತೊಡಗಿದಳು.